ಅಪ್ಪನ ಎರಡು ಖಾಲಿ ತೋಟಾಗಳು

ಉಮಾನಾಥರು ಚೆಂಗಪ್ಪನವರನ್ನು ಮೊದಲು ಕಂಡದ್ದು ಮಲಯ ನಾಡಿನ ನಿಲಾಯ್‌ನ ಒಂದು ಮಾಮಕ್ ಅಂಗಡಿಯಲ್ಲಿ, ತಮಿಳು ಮುಸ್ಲಿಮರು ನಡೆಸುವ ಚಹಾ ಹೋಟೆಲಿನಲ್ಲಿ. ದಪ್ಪ ಮೀಸೆಯ ಮನುಷ್ಯರೊಬ್ಬರು ಆರುತ್ತಿದ್ದ ಚಹಾವನ್ನು ಮರೆತು, ರೈಫಲ್ ತೋಟಾಗಳನ್ನು ಮನೆಯಲ್ಲಿ ಮರಳಿ ತುಂಬುವುದನ್ನು ಕಲಿಸುವ ಪುಸ್ತಕವೊಂದನ್ನು ಹತ್ತು ಜನ ಕಾಣುವಂತೆ ಹಿಡಿದು ಓದುತ್ತಿದ್ದರು. "ಕೇಪು ಆಮೇಲೆ, ಮೊದಲು ತೊಳೀಬೇಕು" ಎಂದು ಗೊಣಗಿದ್ದು ಕನ್ನಡದಲ್ಲಿ.

"ಆ ಪುಸ್ತಕಕ್ಕೆ ಒಂದು ಪೇಪರ್ ಸುತ್ತಿ ಮಾರಾಯ್ರೆ. ಈ ದೇಶದಲ್ಲಿ ಇದೆಲ್ಲ ತಮಾಷೆ ಅಲ್ಲ" ಎಂದರು ಉಡುಪಿಯ ಡಾಕ್ಟರಾದ ಉಮಾನಾಥರು.

"ಓದೋದಕ್ಕೂ ಲೈಸೆನ್ಸ್ ಬೇಕಾ? ಕೂತ್ಕೊಳಿ, ಟೀ ಕುಡೀರಿ."

ಅಂದಿನಿಂದ ಇಬ್ಬರಿಗೂ ಸ್ನೇಹ. ಚೆಂಗಪ್ಪನವರು ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಅಧ್ಯಾಪಕರು. ಕೊಡಗಿನಲ್ಲಿದ್ದ ಅವರ ತಂದೆ ರೈಫಲ್ ಕ್ಲಬ್ಬಿನ ಹಳೆಯ ಸದಸ್ಯರು. ಖಾಲಿ ತೋಟಾವನ್ನು ತೊಳೆದು, ಒತ್ತುವ ಯಂತ್ರದಲ್ಲಿ ಅಳತೆಗೆ ತಂದು, ಕಿಡಿ ಹೊತ್ತಿಸುವ ಹೊಸ ಕೇಪು ಸೇರಿಸಿ, ಮದ್ದು ತೂಗಿ ಹಾಕಿ, ಗುಂಡು ಕೂರಿಸುವವರೆಗೆ ಅವರು ಯಾರೊಡನೆಯೂ ಮಾತನಾಡುತ್ತಿರಲಿಲ್ಲವಂತೆ. "ಮುಂದಿನ ರಜೆಗೆ ನಿಂಗೂ ಕಲಿಸ್ತೀನಿ" ಎಂದು ಮಗನನ್ನು ಪ್ರತಿ ಸಲವೂ ಬೀಳ್ಕೊಡುತ್ತಿದ್ದರು. ಆ ರಜೆ ಬರುವ ಮೊದಲೇ ತೀರಿಕೊಂಡರು. ಕೊಡವರ ವಾಡಿಕೆಯಂತೆ, ಸಾವನ್ನು ಊರಿಗೆ ಸಾರಲು ಮನೆಯವರು ಜೋಡಿ ಗುಂಡು ಹಾರಿಸಿದರು. ಅಂಗಳದಲ್ಲಿ ಬಿದ್ದ ಆ ಎರಡು ಹಿತ್ತಾಳೆ ತೋಟಾಗಳನ್ನು ಚೆಂಗಪ್ಪನವರು ಹೆಕ್ಕಿ ತಂದರು. ಅಪ್ಪನ ಯಂತ್ರದೊಡನೆ, ಅಡಿಗೆಯ ಪಾತ್ರೆಗಳ ಪೆಟ್ಟಿಗೆಯಲ್ಲಿ, ಅವು ಕ್ಲಾಂಗ್ ಬಂದರಿನಲ್ಲಿ ಇಳಿದವು. ಇಲ್ಲಿಯೂ ಕ್ಲಬ್ ಸೇರಿ, ಪರವಾನಗಿ ಪಡೆದು, ಮೊದಲ ಪಾಠವನ್ನು ಆ ಎರಡರ ಮೇಲೆಯೇ ಕಲಿಯಬೇಕೆಂಬುದು ಅವರ ಆಸೆ.

ಸೆಪ್ಟೆಂಬರಿನಲ್ಲಿ ಕೈಲ್‌ಪೊಳ್ದ್ ಬಂತು, ಕೊಡವರು ಕೋವಿಗೆ ಹೂ ಮುಡಿಸಿ ಪೂಜಿಸುವ ಹಬ್ಬ. ಮನೆಯಲ್ಲಿ ಕೋವಿಯಿಲ್ಲ. ಚೆಂಗಪ್ಪನವರು ತೋಟಾಗಳಿಗೇ ಗಂಧವಿಟ್ಟು, ಫೋಟೋ ತೆಗೆದು ಕನ್ನಡ ಸಂಘದ ವಾಟ್ಸಾಪಿಗೆ ಹಾಕಿದರು.

ಕೂಡಲೇ ಉಮಾನಾಥರ ಫೋನು. "ಎಂತ ಮಾಡಿದ್ದು ಮಾರಾಯ್ರೆ! ತೆಗೀರಿ ಅದನ್ನ!"

"ಬರೀ ಖಾಲಿ ಹಿತ್ತಾಳೆ ಡಾಕ್ಟ್ರೇ. ನಿಮ್ಮನೆ ಲೋಟದಷ್ಟೇ ಸಾಧು."

"ಲೋಟ ಇಟ್ಕೊಂಡದ್ದಕ್ಕೆ ಜೈಲಿಲ್ಲ!"

ಚೆಂಗಪ್ಪನವರ ಮಗಳು ಗಾನವಿ ಇಲ್ಲಿನವರ ಧಾಟಿಯ ಇಂಗ್ಲಿಷಿನಲ್ಲಿ ಒಂದೇ ಮಾತು ಹೇಳಿದಳು: "ಜಸ್ಟ್ ಸರೆಂಡರ್ ಲಾ, ಅಪ್ಪಾ."

ಮರುದಿನ ಚೆಂಗಪ್ಪನವರೇ ಯಂತ್ರವನ್ನೂ ತೋಟಾಗಳನ್ನೂ ಪೆಟ್ಟಿಗೆಯಲ್ಲಿಟ್ಟು ಹಿಡಿದು ಪೊಲೀಸ್ ಠಾಣೆಗೆ ಹೋದರು. ಉಮಾನಾಥರು ಜೊತೆಗಿದ್ದರು. ಅಧಿಕಾರಿ ಕಥೆಯನ್ನೆಲ್ಲ ತಾಳ್ಮೆಯಿಂದ ಕೇಳಿ, ಕೆಲಸಕ್ಕೆಂದು ಬಂದ ಪರದೇಶದವರಿಗೆ ಪರವಾನಗಿಯ ಆಸೆ ಬೇಡವೆಂದರು. ತಾವಾಗಿ ಬಂದದ್ದರಿಂದ ಮೊಕದ್ದಮೆ ಹೂಡಲಿಲ್ಲ. ಯಂತ್ರವೂ ತೋಟಾಗಳೂ ಪರೀಕ್ಷೆಗೆಂದು ಒಳಗೆ ಹೋದವು.

ಈಗಲೂ ತರಗತಿ ಬೇಗ ಮುಗಿದ ದಿನ ಚೆಂಗಪ್ಪನವರು ಠಾಣೆಗೆ ಹೋಗಿ ತೋಟಾಗಳು ಮರಳಿ ಬಂದವೇ ಎಂದು ವಿಚಾರಿಸುತ್ತಾರೆ. "ಇನ್ನೂ ಇಲ್ಲ, ಮೇಷ್ಟ್ರೇ" ಎಂದು ಅಲ್ಲಿನ ಪೇದೆ ಮಲಯ ಭಾಷೆಯಲ್ಲಿ ಹೇಳುತ್ತಾನೆ. ಇಂಥ ಹಿತ್ತಾಳೆಯನ್ನು ಕರಗಿಸಿಬಿಡುತ್ತಾರೆಂದು ಉಮಾನಾಥರು ಒಮ್ಮೆ ಮೆಲ್ಲಗೆ ಹೇಳಿದ್ದರು. "ಗೊತ್ತು" ಎಂದಿದ್ದರು ಚೆಂಗಪ್ಪ.

ಠಾಣೆಯಿಂದ ನೇರವಾಗಿ ಅದೇ ಮಾಮಕ್ ಅಂಗಡಿಗೆ ಬರುತ್ತಾರೆ. ಪುಸ್ತಕಕ್ಕೆ ಈಗ ಪೇಪರ್ ಸುತ್ತಿದೆ. ಅದನ್ನು ತೆರೆದು, ತೋಟಾ ತೊಳೆಯುವ ಮೊದಲ ಪಾಠವನ್ನು ಮತ್ತೆ ಓದುತ್ತಾರೆ.