ಜಟ್ಟಣ್ಣನ ತಲೆಯ ಚಿತ್ರ

ತೆಂಗಿನಗುಂಡಿ ಬಂದರಿನಲ್ಲಿ ಬೋಟಿನ ಡ್ರೈವರ್ ಜಟ್ಟಣ್ಣ ಎದುರಾದರೆ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ, ಅಂಗಿಯೊಳಗಿಂದ ತನ್ನ ಮಿದುಳಿನ ಬಣ್ಣದ ಚಿತ್ರ ತೆಗೆದು, "ನೋಡಿ ಇಲ್ಲಿ, ಕೆಂಪಗದೆಯಲ್ಲ, ಕೂಗೂದು ಇದೇ! ಕಿವಿಯಲ್ಲ, ತಲೆ!" ಎಂದು ಮೂಗಿಗೇ ಹಿಡಿಯುತ್ತಾನೆ. ಎಂಜಿನ್ನಿಗೆ ಸ್ಪ್ಯಾನರ್ ಒತ್ತಿ, ಅದರ ತುದಿಗೆ ಕಿವಿಯಿಟ್ಟು ಕಾಯಿಲೆ ಹೇಳುತ್ತಿದ್ದವನ ಕಿವಿಯಲ್ಲೇ ಆರು ವರ್ಷದಿಂದ ನಿಲ್ಲದ ಸೀಟಿ. ಇಂಥ ಸೀಟಿಯನ್ನೇ ಸಂಶೋಧಿಸುವ ಡಾಕ್ಟರೊಬ್ಬರು ತಲೆಯ ಚಿತ್ರ ತೆಗೆಯುವ ಸ್ಕ್ಯಾನ್ ಯಂತ್ರದೊಳಗೆ ಮಲಗಿಸಿದರೆ ಉಳಿದವರು ಅದರ ಧಡಧಡಕ್ಕೆ ಹೆದರುತ್ತಾರಂತೆ. ಇವನು ಹೊರಬಂದವನೇ, "ನಿಮ್ಮ ಮಿಷಿನ್ನಿನ ಬೇರಿಂಗ್ ಒಮ್ಮೆ ನೋಡ್ಸಿ" ಎಂದನಂತೆ. ಮೀನಿನ ಹರಾಜು ನಿಲ್ಲಿಸಿ ತೋರಿಸುತ್ತಾನೆ, ಐಸ್ ಲಾರಿಯವರಿಗೆ ತೋರಿಸುತ್ತಾನೆ, ನನಗಂತೂ ಒಂಬತ್ತು ಸಲ ತೋರಿಸಿದ್ದಾನೆ. "ಸೀಟಿ ಹೋಯ್ತೋ?" ಎಂದು ಕೇಳಿದರೆ, "ಹೋಗ್ಲಿಲ್ಲ ಮಾರಾಯ್ರೆ, ಆದ್ರೆ ಕಳ್ಳ ಸಿಕ್ಕಿಬಿದ್ದ!" ಎಂದು ಕುಣಿಯುತ್ತಾನೆ. ಹೆಂಡತಿ ದುರ್ಗಮ್ಮ ಇಷ್ಟು ವರ್ಷವೂ ಅವನ ಕಿವಿಗೆ ತನ್ನ ಕಿವಿಯಿಟ್ಟು ಕೇಳಿ, "ಎಂತದೂ ಇಲ್ಲ, ನಿಮ್ಗೆ ಭ್ರಾಂತು" ಎನ್ನುತ್ತಿದ್ದಳು. ಚಿತ್ರ ಮನೆಗೆ ಬಂದ ದಿನದ ಸಂಗತಿಯನ್ನು ಮಾತ್ರ ಜಟ್ಟಣ್ಣ ದನಿ ತಗ್ಗಿಸಿ ಹೇಳುತ್ತಾನೆ: ಅವಳು ಆ ಕೆಂಪು ಚುಕ್ಕೆಯ ಮೇಲೆ ಬೆರಳಾಡಿಸಿ, ಮಗುವಿನ ಗಾಯಕ್ಕೆ ಊದುವಂತೆ ಮೆಲ್ಲಗೆ ಊದಿದಳಂತೆ.