ಎಡಗೈಗೆ ತಿಳಿದದ್ದು

ಆಗ ನನಗೆ ಅರವತ್ತೆಂಟು. ಇದು ನಡೆದು ಎರಡು ವರ್ಷವಾಯಿತು, ಅಷ್ಟೆ. ಬಹಳ ಹಿಂದಿನ ಮಾತಲ್ಲ, ಆದ್ದರಿಂದ ಮುದುಕಿ ಮರೆತು ಏನೇನೋ ಸೇರಿಸಿ ಬರೆದಿದ್ದಾಳೆ ಎಂದುಕೊಳ್ಳಬೇಡಿ.

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನು ನಂಬುವವಳಲ್ಲ. ಹುಣಸೆಮರದ ಕೆಳಗೆ ಯಾರೋ ಕೂತಿದ್ದರು, ಹತ್ತಿರ ಹೋದರೆ ಇಲ್ಲ ಎಂದು ಹೇಳುವವರು ನಮ್ಮೂರಲ್ಲಿ ಮನೆಗೊಬ್ಬರಿದ್ದಾರೆ. ನಾನು ಮದುವೆಯಾಗಿ ಬಂದಾಗಿನಿಂದ ಅದೇ ಮರದ ಕೆಳಗೆ ಕುರಿ ನಿಲ್ಲಿಸಿದ್ದೇನೆ, ಹುಣಸೆಕಾಯಿ ಬಿಟ್ಟು ಬೇರೇನೂ ನನ್ನ ತಲೆ ಮೇಲೆ ಬಿದ್ದಿಲ್ಲ. ಗಂಡ ಸತ್ತ ಹದಿನಾರನೇ ದಿನ ಕಾಗೆ ಪಿಂಡ ಮುಟ್ಟಲಿಲ್ಲ, ಏನು ಆಸೆ ಉಳಿದಿತ್ತೋ ಎಂದು ಎಲ್ಲರೂ ಅಳುವಾಗ, ಅನ್ನ ಇನ್ನೂ ಸುಡುತ್ತಿದೆ, ಆರಲಿ ಬಿಡಿ ಎಂದವಳು ನಾನು. ಆರಿದ ಮೇಲೆ ಕಾಗೆ ತಿಂದಿತು.

ನಾನು ಓದಿದ್ದು ಮೂರನೇ ಕ್ಲಾಸು. ಅದೂ ತವರಿನಲ್ಲಿ, ಹೊಳೆಯ ಆಚೆ ಕಡೆ. ಅಲ್ಲಿ ಕಲಿತ ಕನ್ನಡ ಅಕ್ಷರವೇ ಈಗ ಬರೆಯುತ್ತಿರುವುದು. ಇಲ್ಲಿ ಬಸ್ಸಿನ ಬೋರ್ಡು ತಮಿಳಿನಲ್ಲಿರುತ್ತದೆ, ನಾನು ಬಣ್ಣ ನೋಡಿ ಹತ್ತುತ್ತೇನೆ. ಇಂಗ್ಲಿಷ್ ಒಂದಕ್ಷರವೂ ಗೊತ್ತಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ನಮ್ಮ ಊರು ತಮಿಳು ಸೀಮೆಯಲ್ಲಿ, ನಲ್ಲಂಪಳ್ಳಿಯಿಂದ ಒಳಕ್ಕೆ; ಮನೆಮಾತು ಕನ್ನಡವಾದರೂ ನಡುನಡುವೆ ತಮಿಳು ನುಸುಳುತ್ತದೆ. ಮನೆಯಲ್ಲಿ ಮಗ ಮಾದೇಶ, ಸೊಸೆ ಲಕ್ಷ್ಮಿ, ಅವರ ಮಗಳು ರಾಜಿ. ರಾಜಿ ಆಗ ಸೇಲಂನಲ್ಲಿ ಇಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದಳು. ಫೋನಿನ ಒಳಗೆ ಓಡುತ್ತದಲ್ಲ ಆಪರೇಟಿಂಗ್ ಸಿಸ್ಟಮ್ ಎಂಬುದು, ಅದರ ಸೋರ್ಸ್ ಕೋಡ್ ಪೂರ್ತಿ ಇಳಿಸಿಕೊಂಡು, ಅದರಲ್ಲಿ ತಾನೊಂದು ಬದಲಾವಣೆ ಮಾಡಿ, ಕಾಲೇಜಿನ ದೊಡ್ಡ ಕಂಪ್ಯೂಟರಿನಲ್ಲಿ ಹೊಸದಾಗಿ ಕಟ್ಟಿ ತೋರಿಸುವುದು ಅವಳ ಪ್ರಾಜೆಕ್ಟು. ನನಗೆ ಅರ್ಥವಾಗಲೆಂದು ಅವಳು ಅಡುಗೆ ಲೆಕ್ಕದಲ್ಲಿ ಹೇಳಿದಳು: ಸಾಮಾನು ಇಲ್ಲಿಂದ ಹೊತ್ತುಕೊಂಡು ಹೋಗಬೇಕು, ಬೇಯಿಸುವುದು ಅಲ್ಲಿ.

"ಎಲ್ಲಾ ಬರ್ದಿರೋದೇ ಅಜ್ಜಿ. ಬರ್ದವ್ರು ಬಚ್ಚಿಟ್ಟಿಲ್ಲ, ಯಾರ್ ಬೇಕಾದ್ರೂ ತಕ್ಕೋಬೋದು."

"ಕಾಸಿಲ್ದೇನಾ?"

"ಕಾಸಿಲ್ದೆ."

"ಅಂಗಾದ್ರೆ ಒಳ್ಗೆ ಏನೋ ಕೊಳ್ತೈತೆ, ನೋಡ್ಕೊಂಡ್ ತಕ್ಕೋ."

ಅವಳು ನಕ್ಕಳು. ಆದರೆ ಆ ಹುಡುಗಿಗೆ ನಗುವ ಕಾಲವಾಗಿರಲಿಲ್ಲ. ಮೊದಲ ಸಲ ಯಾರೋ ಗೆಳತಿಯಿಂದ ಆ ಕೋಡನ್ನು ಕಾಪಿ ಮಾಡಿಕೊಂಡು ಹೋಗಿದ್ದಳು. ಇಡೀ ದಿನ ಬೇಯಿಸಿದ ಮೇಲೆ ಕಂಪ್ಯೂಟರು ಏನೋ ಒಂದು ಇಲ್ಲ ಎಂದು ನಿಂತುಬಿಟ್ಟಿತು. ಮೇಷ್ಟ್ರು ಎಲ್ಲರೆದುರು ಬೈದು, ಪೊಂಗಲ್ ರಜೆ ಮುಗಿದ ಮೇಲೆ ಇನ್ನೊಂದೇ ಅವಕಾಶ ಎಂದಿದ್ದರು. ಅದೂ ತಪ್ಪಿದರೆ ವರ್ಷ ಹೋಯಿತು. ವರ್ಷ ಹೋದರೆ ಓದು ಸಾಕು, ಕಾರಿಮಂಗಲಂಗೆ ಕೊಟ್ಟುಬಿಡೋಣ ಎಂದು ಮಾದೇಶ ಹೇಳಿಯಾಗಿತ್ತು. ಕಾರಿಮಂಗಲಂನಲ್ಲಿ ಲಕ್ಷ್ಮಿಯ ಅಣ್ಣ ಇದ್ದಾನೆ. ತನ್ನ ಮಗನಿಗೆ ರಾಜಿಯನ್ನು ಕೇಳಲು ಎರಡು ಸಲ ಹೂವು ಹಣ್ಣು ಹಿಡಿದು ಬಂದಿದ್ದ. ಆ ಹುಡುಗ ಕೆಟ್ಟವನಲ್ಲ. ಬಾಯಿ ತೆರೆದುಕೊಂಡು ಅಗಿಯುತ್ತಾನೆ, ಅಷ್ಟೆ. ರಾಜಿಗೆ ಅವನು ಬೇಡ. ನನ್ನನ್ನು ಕೇಳಿದ್ದರೆ, ಅಗಿಯುವ ಶಬ್ದ ನನಗೂ ಬೇಡ.

ರಜೆಗೆ ಬಂದವಳು ಲ್ಯಾಪ್‌ಟಾಪು, ಬಳೆಪೆಟ್ಟಿಗೆಯಷ್ಟು ದೊಡ್ಡ ಒಂದು ಕರಿ ಹಾರ್ಡ್ ಡಿಸ್ಕು ತಂದಿದ್ದಳು. ಮನೆಯಲ್ಲಿ ನೆಟ್ಟು ಸಿಗುವುದಿಲ್ಲ. ಹೆದ್ದಾರಿ ಕಡೆ ಮುಖ ಮಾಡಿರುವ ದಿಬ್ಬದ ಮೇಲೆ ಮಾತ್ರ ಚೆನ್ನಾಗಿ ಸಿಗುತ್ತದೆ, ಅಲ್ಲಿರುವುದು ನಮ್ಮ ಕುರಿ ರೊಪ್ಪ. ರೊಪ್ಪದ ಪಕ್ಕದಲ್ಲೇ ಬಾವಿಯ ಮೋಟರು ರೂಮು. ಅಲ್ಲಿಂದ ವೈರು ಎಳೆದು, ರೊಪ್ಪದ ಬಾಗಿಲಲ್ಲಿ ನಾನು ಕೂರುವ ಚಪ್ಪಡಿ ಕಲ್ಲಿನ ಮೇಲೆ ಪೆಟ್ಟಿಗೆಗಳನ್ನಿಟ್ಟು, ಶನಿವಾರ ಬೆಳಗ್ಗೆ ಇಳಿಸಲು ಶುರು ಮಾಡಿದಳು. ಸಾವಿರಕ್ಕೂ ಹೆಚ್ಚು ಮೂಟೆಗಳಂತೆ, ಒಂದೊಂದೇ ಬರುತ್ತವಂತೆ. ಒಂದು ಮೂಟೆ ಬಂದರೆ ಪರದೆಯಲ್ಲಿ ಒಂದು ಸಾಲು ಮೇಲಕ್ಕೆ ಹೋಗುತ್ತದೆ. ಶನಿವಾರವೆಲ್ಲ ಬಂದವು. ಆ ಸಂಜೆ ಕುರಿ ಒಳಗೆ ಹೋಗುವಾಗ ಅವಳೇ ಅಡ್ಡ ಕೂತು ಪೆಟ್ಟಿಗೆಗಳನ್ನು ಕಾದಳು. ರಾತ್ರಿ ಅವಳು ಅಲ್ಲೇ ಮೋಟರು ರೂಮಿನಲ್ಲಿ ಮಲಗಿದಳು. ಭಾನುವಾರವೂ ಬರುತ್ತಲೇ ಇದ್ದವು. ಈಯುವ ಕುರಿಗೆ ಕಾದ ಹಾಗೆ ಕಾದಳು, ಪಾಪ.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ನಾವು ಕುರಿಯನ್ನು ಒಂದು ಎರಡು ಮೂರು ಎಂದು ಎಣಿಸುವುದಿಲ್ಲ. ಎಣಿಸಿದರೆ ಮಂದೆಗೆ ಆಗಿಬರುವುದಿಲ್ಲ ಎಂದು ನನ್ನ ಅತ್ತೆ ಹೇಳುತ್ತಿದ್ದಳು. ನಾನು ನಂಬಿ ಬಿಟ್ಟದ್ದಲ್ಲ, ಅಭ್ಯಾಸವಾಗಿ ಬಿಟ್ಟುಹೋಯಿತು. ಸಂಜೆ ರೊಪ್ಪದ ಬಾಗಿಲ ತಡಿಕೆಯನ್ನು ಒಂದು ಕುರಿ ನುಗ್ಗುವಷ್ಟೇ ತೆರೆದು, ಕಲ್ಲಿನ ಮೇಲೆ ಕೂತು, ಬಲಗೈ ಅಡ್ಡ ಹಿಡಿಯುತ್ತೇನೆ. ಒಂದೊಂದೂ ಅಂಗೈಗೆ ಬೆನ್ನು ತಾಗಿಸಿಕೊಂಡು ಒಳಗೆ ಹೋಗುತ್ತದೆ. ಕೊನೆಯದು ಹೋದ ಮೇಲೆ ಎಲ್ಲ ಬಂದವೋ ಇಲ್ಲವೋ ಕೈಗೆ ಗೊತ್ತಾಗುತ್ತದೆ. ಯಾವುದು ಬರಲಿಲ್ಲ ಎಂದೂ ಗೊತ್ತಾಗುತ್ತದೆ. ಬಾವಿಯಲ್ಲಿ ಸೇದುವಾಗ ಕೊಡ ಕಳಚಿದರೆ ಹಗ್ಗ ಹಗುರಾಗುತ್ತದಲ್ಲ, ಹಾಗೆ. ಇದರಲ್ಲಿ ವಿಚಿತ್ರವೇನೂ ಇಲ್ಲ, ಐವತ್ತು ವರ್ಷ ಕೂತರೆ ನಿಮಗೂ ಬರುತ್ತದೆ. ನಮ್ಮಲ್ಲಿ ಎಷ್ಟು ಕುರಿ ಇವೆ ಎಂದು ಕೇಳಿದರೆ ಇವತ್ತಿಗೂ ನನಗೆ ಗೊತ್ತಿಲ್ಲ. ಸೂಜಿ ಹಾಕುವ ಡಾಕ್ಟರಿಗೆ ಮಾದೇಶ ಏನೋ ಒಂದು ಹೇಳುತ್ತಾನೆ.

ಭಾನುವಾರ ಸಂಜೆ ಲಕ್ಷ್ಮಿ ಕುರಿ ಹೊಡೆದುಕೊಂಡು ಬಂದಳು. ಇತ್ತ ಬಾಗಿಲಲ್ಲಿ ರಾಜಿಯ ಸಂಸಾರ ಹರಡಿದೆ. ಕಳಚಿ ಎತ್ತಿಡುವ ಹಾಗಿಲ್ಲ, ಕುರಿಗಳನ್ನು ಹೊರಗೆ ನಿಲ್ಲಿಸುವ ಹಾಗೂ ಇಲ್ಲ.

"ಅಜ್ಜಿ, ಈ ಡಿಸ್ಕ್ ಮೇಲೆ ಗಟ್ಟಿಯಾಗ್ ಕೈ ಮಡ್ಗು. ಕುರಿ ಒದ್ದು ಬಿತ್ತೂಂದ್ರೆ ನನ್ ಕತೆ ಕಾರಿಮಂಗ್ಲದಾಗೇ!"

ಹಾಗೆ ಬಲಗೈ ಕುರಿಗೆ, ಎಡಗೈ ಆ ಕರಿ ಪೆಟ್ಟಿಗೆಗೆ. ರಾಜಿ ಎದುರಿಗೆ ನಿಂತು, ಲ್ಯಾಪ್‌ಟಾಪಿನ ಕಡೆ ಬರುವ ಕುರಿಗಳನ್ನು ಕಾಲಲ್ಲಿ ತಳ್ಳುತ್ತ, ಸ್ಟೇಟಸ್ಸಿಗೆ ಹಾಕಲು ಅಮ್ಮನ ಫೋನಿನಲ್ಲಿ ವಿಡಿಯೋ ಹಿಡಿಯುತ್ತಿದ್ದಳು. ಪೆಟ್ಟಿಗೆ ಆಗತಾನೆ ಹುಟ್ಟಿದ ಮರಿಯಂತೆ ಬೆಚ್ಚಗಿತ್ತು, ಒಳಗೊಳಗೇ ನಡುಗುತ್ತಿತ್ತು. ಕುರಿಗಳು ನುಗ್ಗತೊಡಗಿದವು. ಸ್ವಲ್ಪ ಹೊತ್ತಿಗೆ ನನ್ನ ಎರಡು ಕೈಯಲ್ಲೂ ಏನೋ ಹಾದುಹೋಗುತ್ತಿತ್ತು. ಬಲಗೈಯಲ್ಲಿ ಉಣ್ಣೆ, ಬೆನ್ನುಮೂಳೆ. ಎಡಗೈಯಲ್ಲಿ ಏನೆಂದು ಹೇಳಲಿ? ತೂಕವಿಲ್ಲ, ಕೂದಲಿಲ್ಲ. ಆದರೆ ಒಂದು ಹೋಯಿತು, ಇನ್ನೊಂದು ಹೋಯಿತು ಎಂದು ತಿಳಿಯುತ್ತಿತ್ತು.

ಕರಿಮೊಗದ ಕುಂಟಕುರಿ ಒಳಗೆ ಹೋಗುವಾಗ ಹಗ್ಗ ಹಗುರಾಯಿತು. ಬರಬೇಕಾದದ್ದು ಒಂದು ಬರಲಿಲ್ಲ.

ತಡಿಕೆ ಮುಚ್ಚಿ ಹೇಳಿದೆ, "ಒಂದ್ ಬಂದಿಲ್ಲ."

ಲಕ್ಷ್ಮಿಗೆ ಸಿಟ್ಟು ಬಂತು. "ಎಲ್ಲಾ ಬಂದೈತೆ ಅತ್ತೆ. ನಾನೇನ್ ಕುರುಡೀನಾ?"

"ಬಂದಿಲ್ಲಾಂದ್ರೆ ಬಂದಿಲ್ಲ. ಕರಿಮೊಗದ್ದು ಬಂತಲ್ಲ, ಅದ್ರ ಜೊತೇಲಿ ಬರ್ಬೇಕಾಗಿದ್ದು. ಓಗಿ ಉಡುಕು."

ಪಾಪ, ಹಳ್ಳದವರೆಗೆ ಹೋಗಿ ಕೂಗಿ ಬಂದಳು. ಏನೂ ಇಲ್ಲ. ಇಡೀ ಮಂದೆಯನ್ನು ಹೊರಗೆ ಬಿಟ್ಟು ಮತ್ತೆ ಒಳಗೆ ಹೊಡೆಸಿದೆ. ಈ ಸಲ ಬಲಗೈಯೊಂದನ್ನೇ ಹಿಡಿದೆ. ಎಲ್ಲವೂ ಬಂದವು. ಒಂದೂ ಕಮ್ಮಿಯಿಲ್ಲ. ಲಕ್ಷ್ಮಿ ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನೇ ನೋಡಿದಳು. "ಪೋದುಂ ಅತ್ತೆ, ಸಾಕು. ನಾಳೆಯಿಂದ ನೀವ್ ಮನೇಲಿರಿ, ಬಾಕಲ್ತಾವ ನಾನೇ ಕೂತ್ಕೋತೀನಿ," ಎಂದಳು. ಐವತ್ತು ವರ್ಷದಲ್ಲಿ ನನ್ನ ಕೈ ತಪ್ಪಿದ್ದು ಅದೇ ಮೊದಲು. ನಾನೇ ಎದ್ದು ತಡಿಕೆಗೆ ಹಗ್ಗ ಬಿಗಿದೆ.

ದೀಪ ಹಚ್ಚಿ ಸ್ವಲ್ಪ ಹೊತ್ತಿಗೆ ರಾಜಿ ದಿಬ್ಬದ ಮೇಲೆ ಕುಣಿದಳು. "ಮುಡಿಂಜಿದು ಅಜ್ಜಿ! ಎಲ್ಲಾ ಬಂತು! ಅದೇ ಬರ್ದೈತೆ ನೋಡು, ಎಲ್ಲಾ ಸರಿಯಾಗ್ ಬಂತೂಂತ!" ಎಂದು ಕೊನೆಯ ಸಾಲನ್ನು ತೋರಿಸಿದಳು. ನನಗೆ ಅದು ಇರುವೆ ಸಾಲು. ಆದರೆ ಎಲ್ಲಾ ಬಂತು ಎಂದಳಲ್ಲ, ಆಗ ನನಗೆ ಹೊಳೆಯಿತು. ಒಂದು ಬಂದಿಲ್ಲ ಎಂದದ್ದು ಬಲಗೈ ಅಲ್ಲ.

"ಲೇ ರಾಜಿ, ಅದ್ರಾಗೇ ಕಣೆ. ನಿನ್ ಮೂಟೇಲೇ ಒಂದ್ ಬಂದಿಲ್ಲ."

"ಅಯ್ಯೋ, ಪೈತ್ಯಂ ಇಡೀತಾ ನಿಂಗೆ? ಕಂಪ್ಯೂಟರೇ ಅಂತೈತೆ, ಬಂದೈತೇಂತ."

"ಕಂಪ್ಯೂಟ್ರು ಎಷ್ಟ್ ವರ್ಸ ಕುರಿ ಕಾದೈತೆ? ಕರಿಮೊಗದ್ದು ಒಳಿಕ್ಕೋದಾಗ ಬರ್ಬೇಕಾಗಿತ್ತು. ಬರ್ಲಿಲ್ಲ."

ನಾನು ಹೇಳಿದ್ದನ್ನು ಅವಳು ನಂಬಿದಳೆಂದಲ್ಲ. ನನ್ನ ಬಾಯಿ ಮುಚ್ಚಿಸಬೇಕಾಗಿತ್ತು. ಅಮ್ಮನ ಫೋನು ತೆಗೆದು ಆ ವಿಡಿಯೋ ಹಾಕಿದಳು. ಕರಿಮೊಗದ್ದು ಕುಂಟುತ್ತ ಒಳಗೆ ಹೋಗುವ ಗಳಿಗೆ ಎಷ್ಟು ಗಂಟೆ ಎಷ್ಟು ನಿಮಿಷ ಎಂದು ನೋಡಿಕೊಂಡಳು. ಯಾವ ಮೂಟೆ ಯಾವಾಗ ಬಂತೆಂದು ಲ್ಯಾಪ್‌ಟಾಪು ಬರೆದಿಟ್ಟುಕೊಂಡಿರುತ್ತದಂತೆ. ಆ ನಿಮಿಷದಲ್ಲಿ ಬಂದದ್ದು ಏಳೆಂಟು. ನಗುತ್ತಲೇ ಒಂದೊಂದನ್ನು ಬಿಚ್ಚಿ ತೋರಿಸಿದಳು. ಇಗೋ ಐತೆ, ಇಗೋ ಐತೆ. ಐದನೆಯದನ್ನು ಬಿಚ್ಚಿದವಳು ಪರದೆಯ ಹತ್ತಿರಕ್ಕೆ ಬಗ್ಗಿದಳು.

ಹೆಸರಿತ್ತು. ಒಳಗೆ ಖಾಲಿ.

ಮುಖದಲ್ಲಿ ನಗು ಹೋಯಿತು. ಆಮೇಲೆ ಬೇಗ ಬೇಗ ಏನೋ ಬರೆದು, ಅಷ್ಟೂ ಮೂಟೆಗಳಲ್ಲಿ ಖಾಲಿ ಇರುವುದು ಯಾವುದು ಎಂದು ಲ್ಯಾಪ್‌ಟಾಪಿನ ಕೈಯಲ್ಲೇ ಹುಡುಕಿಸಿದಳು. ಸಾವಿರಕ್ಕೂ ಹೆಚ್ಚಿನದರಲ್ಲಿ ಅದೊಂದೇ. ಅವಳು ನನ್ನ ಎಡಗೈ ಹಿಡಿದು, ತಿರುಗಿಸಿ, ಫೋನಿನ ಬೆಳಕು ಬಿಟ್ಟು ನೋಡಿದಳು. ಅಲ್ಲಿ ಏನಿರುತ್ತದೆ? ಮೂರು ಗೆರೆ, ಒಂದು ಜಡ್ಡು, ಸ್ವಲ್ಪ ಕುರಿ ಜಿಡ್ಡು.

ಆ ಮೂಟೆಯಲ್ಲಿ ಏನಿರುತ್ತದೆ ಎಂದು ಕೇಳಿದೆ. ಯಾವ ದೇಶದಲ್ಲಿ ಎಷ್ಟು ಗಂಟೆ ಎಂದು ಫೋನಿಗೆ ಹೇಳುವ ಮೂಟೆಯಂತೆ. ನಮ್ಮೂರಿಗೆ ಬಸ್ಸು ಬರುವುದು ಬಂದಾಗಲೇ, ಅದಿಲ್ಲದಿದ್ದರೂ ನಡೆಯುತ್ತಿತ್ತಲ್ಲ ಎಂದೆ. ಅದಿಲ್ಲದಿದ್ದರೆ ಅಡುಗೆ ಅರ್ಧಕ್ಕೆ ನಿಲ್ಲುತ್ತಿತ್ತು, ಮತ್ತೆ ಬೇಯಿಸಲು ದಿನವಿರಲಿಲ್ಲ ಎಂದಳು. ಅದೊಂದನ್ನು ಮತ್ತೆ ಕರೆಸಿದಳು. ನಾವು ಮುದ್ದೆ ಉಣ್ಣುವಷ್ಟರಲ್ಲಿ ಬಂತು.

ಆ ಸಲ ಅವಳ ಅಡುಗೆ ಬೆಂದಿತು, ಪಾಸಾದಳು. ಕಾರಿಮಂಗಲಂ ಹುಡುಗನಿಗೆ ಪಾಲಮಲೆ ಕಡೆಯ ಹೆಣ್ಣು ಸಿಕ್ಕಿತು, ಅವಳೂ ಬಾಯಿ ತೆರೆದೇ ಅಗಿಯುತ್ತಾಳೆ, ಇಬ್ಬರೂ ಚೆನ್ನಾಗಿದ್ದಾರೆ. ಮದುವೆಯಲ್ಲಿ ನಾವೆಲ್ಲ ಹೊಟ್ಟೆ ತುಂಬ ಉಂಡು ಬಂದೆವು.

ಡಿಸ್ಕು ಒಳಗೆ ತಿರುಗುತ್ತಿರುತ್ತದೆ, ಮೂಟೆ ಬಂದಾಗ ಒಂದು ತರಹ ಅದುರುತ್ತದೆ, ಬಾರದಿದ್ದಾಗ ಒಂದು ತರಹ, ಅದು ನಿಮ್ಮಜ್ಜಿಯ ಕೈಗೆ ತಿಳಿದಿರಬಹುದು ಎಂದು ಕಾಲೇಜಿನ ಮೇಷ್ಟ್ರು ಹೇಳಿದರಂತೆ. ಇರಬಹುದು, ಓದಿದವರು. ಆದರೆ ನನ್ನ ಕುರಿಗಳ ಬೆನ್ನು ನನಗೆ ಗೊತ್ತಿರುವುದು ಐವತ್ತು ವರ್ಷ ಮುಟ್ಟಿದ್ದರಿಂದ. ಆ ಮೂಟೆಗಳು ಎಂದೂ ನನ್ನ ಕೈ ಕೆಳಗೆ ಹೋದವಲ್ಲ. ಇಷ್ಟು ಬರಬೇಕು, ಈಗ ಬರಬೇಕು ಎಂದು ಕೈಗೆ ಯಾರು ಹೇಳಿದರು? ಆಮೇಲೆ ರಾಜಿ ರಜೆಗೆ ಬಂದಾಗಲೆಲ್ಲ ಏನೇನೋ ಇಳಿಸುತ್ತ ನನ್ನ ಕೈಯನ್ನು ಆ ಪೆಟ್ಟಿಗೆ ಮೇಲೆ ಇಡಿಸಿ ನೋಡಿದ್ದಾಳೆ. ಕೈಗೆ ಬೆಚ್ಚಗಾಯಿತು, ಅಷ್ಟೆ. ಏನೂ ತಿಳಿಯಲಿಲ್ಲ. ಆ ಸಂಜೆ ಏನಾಯಿತು ಎಂದು ನನಗೆ ಈಗಲೂ ಗೊತ್ತಿಲ್ಲ. ಹುಣಸೆಮರದವರ ಮಾತನ್ನು ಇನ್ನೂ ನಂಬುವುದಿಲ್ಲ. ಅವರು ಹೇಳುವಾಗ ಮೊದಲಿನಷ್ಟು ಜೋರಾಗಿ ನಗುವುದಿಲ್ಲ, ಅದೊಂದು ನಿಜ.

ಆ ಭಾನುವಾರದ ಮಾರನೆಯ ಬೆಳಗ್ಗೆ ನಡೆದದ್ದೊಂದು ಉಳಿದಿದೆ: ನಾನು ತಡಿಕೆ ತೆಗೆಯುತ್ತಿದ್ದೆ. ರಾಜಿ ಸೇಲಂಗೆ ಹೊರಟು ನಿಂತವಳು, ಬಸ್ಸಿನ ದಾರಿ ಬಿಟ್ಟು ದಿಬ್ಬ ಹತ್ತಿ ಬಂದಳು. ಬ್ಯಾಗಿನಿಂದ ಆ ಕರಿ ಪೆಟ್ಟಿಗೆ ತೆಗೆದು ನನ್ನ ಮುಂದೆ ಹಿಡಿದಳು.

"ಅಜ್ಜಿ, ಒಂದ್ ಕಿತ ಮುಟ್ಟಿ ನೋಡು. ಎಲ್ಲಾ ಐತಾ?"

ಕೆಳಗೆ ರಸ್ತೆಯಲ್ಲಿ ಬಸ್ಸು ಹಾರನ್ನು ಹೊಡೆಯುತ್ತಿತ್ತು. ನಾನು ಕೈಯನ್ನು ಸೀರೆಗೆ ಒರೆಸಿಕೊಂಡು ಎಡಗೈ ಇಟ್ಟೆ. ತಣ್ಣಗಿತ್ತು. ಬೀಗ ಹಾಕಿದ ಮನೆಯ ಬಾಗಿಲು ಮುಟ್ಟಿದ ಹಾಗೆ, ಏನೂ ಗೊತ್ತಾಗಲಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಒಂದು ಕುರಿ ಒಳಗೆ ಹೋಗುವಷ್ಟು ಹೊತ್ತು ಬಿಟ್ಟು, ಕೈ ತೆಗೆದೆ.

"ಎಲ್ಲಾ ಐತೆ," ಎಂದೆ. "ಸೀಕ್ರಂ ಓಗು, ಬಸ್ಸೋಗ್ತೈತೆ."