ಒಳಗಿನಿಂದ ಹಾಕಿದ ಚಿಲಕ

ಅಚ್ಚುಕಟ್ಟಮ್ಮ ಎಂಬುದು ಆಫೀಸಿನವರು ಅವಳಿಗೆ ಇಟ್ಟ ಹೆಸರು. ಕಾಫಿ ಕುಡಿದ ಲೋಟವನ್ನು ಆಗಿಂದಾಗಲೇ ತೊಳೆದಿಡಬೇಕು, ಕಂಪ್ಯೂಟರಿನಲ್ಲಿ ಒಂದು ಪುಟ ಮುಚ್ಚಿಯೇ ಇನ್ನೊಂದು ತೆರೆಯಬೇಕು. ಗಂಡನ ಮನೆಯಲ್ಲೂ ಇದಕ್ಕೆ ನಗದವರಿಲ್ಲ. ನಾದಿನಿಯೊಬ್ಬಳೇ "ನಮ್ಮತ್ತಿಗೆ ಇರೋದೇ ಹಾಗೆ, ಸುಮ್ನಿರ್ರೋ" ಎಂದು ಅವಳ ಪರ ವಹಿಸುತ್ತಿದ್ದಳು.

ಈಗ ಆ ನಾದಿನಿಯ ನೌಕರಿಗೇ ಕುತ್ತು ಬಂದಿತ್ತು. ಅವಳು ರಕ್ತಪರೀಕ್ಷೆಯ ಲ್ಯಾಬಿನ ಕೌಂಟರಿನಲ್ಲಿ ಕೂರುವವಳು. ಅಲ್ಲಿನ ವೆಬ್‌ಸೈಟ್ ಮಾಡಿಕೊಟ್ಟವಳು ಅತ್ತಿಗೆ. ರೋಗಿಯ ಹೆಸರು ದಾಖಲಿಸಲು ಹೋದರೆ ಪರದೆ ಜಪ್ಪಯ್ಯ ಎಂದರೂ ಅಲ್ಲಾಡುತ್ತಿರಲಿಲ್ಲ. ಕ್ಯೂ ಬಾಗಿಲಾಚೆ ಬೆಳೆಯುತ್ತಿತ್ತು. ಇವಳ ಕೈಯೇ ನಿಧಾನ, ಈ ವಾರ ಕಳೆದರೆ ಬೇರೆಯವರನ್ನು ಕೂರಿಸುತ್ತೇನೆ ಎಂದುಬಿಟ್ಟಿದ್ದರು ಮ್ಯಾನೇಜರು. ಅಚ್ಚುಕಟ್ಟಮ್ಮ ತನ್ನ ಮೇಜಿನಲ್ಲಿ ಎಷ್ಟು ಸಲ ನೋಡಿದರೂ ಎಲ್ಲ ಸರಾಗ. ಕೊನೆಗೆ ರಜೆ ಹಾಕಿ ಲ್ಯಾಬಿಗೇ ಹೋಗಿ, ನಾದಿನಿಯ ಬೆನ್ನ ಹಿಂದೆ ಸ್ಟೂಲು ಎಳೆದುಕೊಂಡು ಕೂತಳು.

ನಾದಿನಿ ತಿಂಗಳ ವರದಿ ಕೇಳಿ ಗುಂಡಿ ಒತ್ತಿದಳು. ಅದು ಬರಲು ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಇನ್ನೊಂದು ಟ್ಯಾಬ್ ತೆರೆದು ಎದುರಿಗಿದ್ದ ಅಜ್ಜನ ಹೆಸರು ಟೈಪ್ ಮಾಡಿದಳು. ಪರದೆ ನಿಂತೇಹೋಯಿತು.

"ಯಾವಾಗ್ಲೂ ಹೀಗೇ ಎರಡೆರಡು ತೆಗೀತೀಯೇನೇ?"

"ಮತ್ತಿನ್ನೇನು ಅತ್ತಿಗೆ? ವರದಿ ಬರೋವರೆಗೂ ಜನಾನ ಕಾಯಿಸ್ಲಾ?"

ಅಚ್ಚುಕಟ್ಟಮ್ಮ ಹಣೆ ಚಚ್ಚಿಕೊಂಡಳು. ಜನ್ಮದಲ್ಲಿ ಎರಡು ಟ್ಯಾಬ್ ಒಟ್ಟಿಗೆ ತೆರೆದವಳಲ್ಲ, ತಪ್ಪು ಸಿಗುವುದಾದರೂ ಹೇಗೆ! ಕಂಪ್ಯೂಟರಿನ ಮುಂದೆ ಕೂತವರು ಯಾರೆಂದು ಹೇಳುವ ಲಾಗಿನ್ ವಿವರವನ್ನು ಒಂದು ಸಲಕ್ಕೆ ಒಂದೇ ಪುಟ ಹಿಡಿದುಕೊಳ್ಳಬಲ್ಲದು. ವರದಿಯ ಪುಟ ಅದನ್ನು ಹಿಡಿದು, ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡವರ ಹಾಗೆ, ತನ್ನ ಕೆಲಸ ಮುಗಿಯುವ ತನಕ ಬಿಡುತ್ತಿರಲಿಲ್ಲ. ಅದರ ಬೆನ್ನಿಗೇ ಬಂದ ಪುಟ ಹೊರಗೆ ಕಾಯುತ್ತಾ ನಿಲ್ಲಬೇಕು. ಅವಳು ಅಲ್ಲೇ ಲ್ಯಾಪ್‌ಟಾಪ್ ತೆರೆದು ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದಳು: ಬಂದವರು ಯಾರೆಂದು ನೋಡಿದ ಕೂಡಲೇ ಚಿಲಕ ತೆಗೆ, ಉಳಿದ ಕೆಲಸ ಆಮೇಲೆ.

"ಈಗ ಒತ್ತು."

ವರದಿ ಇನ್ನೂ ತಯಾರಾಗುತ್ತಲೇ ಇತ್ತು, ಅಜ್ಜನ ಹೆಸರು ಪಟಕ್ಕನೆ ದಾಖಲಾಯಿತು. ನೋಡನೋಡುತ್ತಿದ್ದಂತೆ ಕ್ಯೂ ಕರಗಿತು. ಮ್ಯಾನೇಜರು ಬಂದು ಇಣುಕಿದರು.

"ತಪ್ಪು ಪೂರ್ತಿ ನಂದೇ ಸಾರ್" ಎಂದಳು ಅಚ್ಚುಕಟ್ಟಮ್ಮ. "ನನ್ನ ಪ್ರೋಗ್ರಾಮಿಗಿಂತ ಇವಳ ಕೈ ಚುರುಕು, ಅಷ್ಟೇ."

ಮ್ಯಾನೇಜರು ಗಂಟಲು ಸರಿಮಾಡಿಕೊಂಡು, "ಹಾಗಾದ್ರೆ ಇವ್ರೇ ಇರ್ಲಿ ಬಿಡಿ" ಎಂದು ಒಳಗೆ ಹೋದರು.

ಅಬ್ಬಾ, ಅಚ್ಚುಕಟ್ಟಮ್ಮನ ಎದೆಯ ಭಾರ ಇಳಿಯಿತು. ತಿರುಗಿ ನೋಡಿದರೆ ನಾದಿನಿ ತನ್ನ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟು ನೋಡುತ್ತಾ ಕೂತಿದ್ದಳು. ಕಣ್ಣು ತುಂಬಿತ್ತು.

"ಅವರು ಹೇಳಿದ್ದು ನಿಜಾನೇ ಅಂದ್ಕೊಂಡಿದ್ದೆ ಅತ್ತಿಗೆ."